ಮೂಗಿಲ್ಲದ ರಾಣಿಯ ಕಿಮ್ಮತ್ತು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಾವು ಸ್ವಲ್ಪ ದಿನ ಲಕ್ಷಾಧೀಶರಾಗಿದ್ದೆವು. ದಾಂಡೇಲಿಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೆ ನಾವೇನೂ ಮಾಡಲೂ ಇಲ್ಲ. ಬಂಗೂರನಗರದ ಅದೇ ಮನೆಯಲ್ಲಿ ಅದೇ ಸಕ್ಕರೆ ಕಡಿಮೆ ಚಹಾ ಕುಡಿಯುತ್ತ, ಸೋರುವ ನಲ್ಲಿಗೆ ಅದೇ ಹಳೆಯ ಬನಿಯನ್ನಿನ ಚಿಂದಿ ಕಟ್ಟುತ್ತ ಇದ್ದೆವು. ಆದರೆ ಶ್ರೀಮಂತಿಕೆ ಒಳಗಿನಿಂದ ಬರುತ್ತದೆ ನೋಡಿ. ನಮ್ಮ ಯಜಮಾನರು ಕೊತ್ತಂಬರಿ ಮಾರುವವಳ ಜೊತೆ ಚೌಕಾಸಿ ಮಾಡುವುದನ್ನು ಬಿಟ್ಟರು. ಪಕ್ಕದ ಮನೆಯವರು ಹೊಸ ಕಾರು ತಂದು ಪೇಢೆ ಕೊಟ್ಟಾಗ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಹೊಟ್ಟೆಕಿಚ್ಚಿಲ್ಲದೆ ತಿಂದೆ. ಪೇಢೆ ರುಚಿಯಾಗಿತ್ತು.

ಇದಕ್ಕೆಲ್ಲ ಕಾರಣ ಯಜಮಾನರ ಫೋನು. ಕಾಗದದ ಕಾರ್ಖಾನೆಯ ನೌಕರಿ ಮುಗಿಸಿ ಮನೆಯಲ್ಲಿ ಕೂತ ಮೇಲೆ ಅವರಿಗೆ ಲೋಕದ ಜ್ಞಾನವೆಲ್ಲ ಅದರಿಂದಲೇ ಬರುತ್ತದೆ. ಮೊಣಕಾಲು ನೋವಿಗೆ ಮೆಂತ್ಯ, ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು, ಕೂದಲು ಉದುರುವುದಕ್ಕೆ ಈರುಳ್ಳಿ, ಹೀಗೆ ನಮ್ಮ ಅಡುಗೆಮನೆಯ ಅರ್ಧ ಸಾಮಾನು ಅವರ ಮೈಮೇಲೆ ಖರ್ಚಾಗುತ್ತದೆ. ಒಂದು ದಿನ ಅದೇ ಫೋನಿನಲ್ಲಿ ಒಬ್ಬ ಮನುಷ್ಯ ಬೆಳ್ಳಿಯ ನಾಣ್ಯ ಹಿಡಿದುಕೊಂಡು, ಇದು ನಿಮ್ಮ ಮನೆಯಲ್ಲಿದ್ದರೆ ನೀವು ಕೆಲಸಕ್ಕೆ ಹೋಗುವ ಅಗತ್ಯವೇ ಇಲ್ಲ ಎಂದು ಕೂಗುತ್ತಿದ್ದ. ಕೆಲಸಕ್ಕೆ ಹೋಗುವ ಅಗತ್ಯ ನಮಗೆ ಹೇಗೂ ಇರಲಿಲ್ಲ, ಇಬ್ಬರೂ ನಿವೃತ್ತರು. ಆದರೂ ಯಜಮಾನರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಕರೆದರು.

“ಇಲ್ಲೆ ನೋಡು, ಇಕಿ ನಿಮ್ಮ ಆಯಿ ಗಂಟಿನ್ಯಾಗಿನ ಮುದುಕಿ ಅಲ್ಲೇನು?”

ಹೌದು, ಅವಳೇ. ಕಿರೀಟ, ಜಡೆ, ಉಬ್ಬಿದ ಗಲ್ಲ, ಎಲ್ಲವೂ ಅವಳದೇ. ಒಂದೇ ವ್ಯತ್ಯಾಸವೆಂದರೆ ಫೋನಿನ ರಾಣಿಗೆ ಮೂಗಿತ್ತು.

ಆಯಿ ಎಂದರೆ ನಮ್ಮಪ್ಪನ ತಾಯಿ. ಹಳಿಯಾಳದವಳು. ಅವಳು ಹೋಗಿ ಎಷ್ಟೋ ವರ್ಷಗಳಾದವು. ಅವಳ ಗಂಟು ನಮ್ಮವ್ವನ ಪೆಟ್ಟಿಗೆಯಲ್ಲಿತ್ತು. ಅವ್ವನೂ ತೀರಿಕೊಂಡು ವರ್ಷ ತುಂಬಿದಾಗ ಹಳಿಯಾಳದ ಮನೆಯಲ್ಲಿರುವ ತಮ್ಮ ಅದನ್ನು ತಂದು ನನ್ನ ಕೈಯಲ್ಲಿ ಇಟ್ಟ. ಇದು ಅಕ್ಕಂದಿರಿಬ್ಬರಿಗೆ ಎಂದು ಅವ್ವ ಹೇಳಿದ್ದಳಂತೆ. ಸರಿಸಮ ಹಂಚಿಕೊಳ್ಳಬೇಕಂತೆ. ನಾನು ಗಂಟು ಬಿಚ್ಚಿ ನೋಡಿದೆ. ಹನ್ನೊಂದು ರೂಪಾಯಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಹನ್ನೊಂದನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ ಐದು, ಶೇಷ ಒಂದು ಎನ್ನುವುದಕ್ಕೆ ನನಗೆ ಸೀಮೆಸುಣ್ಣ ಬೇಕಾಗಿಲ್ಲ. ಶುಭಕಾರ್ಯಕ್ಕೆ ಕೊಡುವ ದುಡ್ಡು ಹತ್ತಿದ್ದರೆ ಹನ್ನೊಂದು, ನೂರಿದ್ದರೆ ನೂರಾ ಒಂದು ಆಗಬೇಕೆಂದು ನಿಯಮ ಮಾಡಿದ ನಮ್ಮ ಹಿರಿಯರಿಗೆ ಮುಂದೆ ಇಬ್ಬರು ಮೊಮ್ಮಕ್ಕಳು ಅದನ್ನು ಹಂಚಿಕೊಳ್ಳಬೇಕಾದೀತು ಎಂಬ ಖಬರು ಇರಲಿಲ್ಲ. ಆಯಿಯ ಮದುವೆಯಲ್ಲಿ ಅವಳ ಸೋದರಮಾವ ಹರಿವಾಣದಲ್ಲಿ ಇಟ್ಟ ಹನ್ನೊಂದು ಅದು. ಅವನೇನೋ ಇಟ್ಟು ಊಟ ಮಾಡಿ ಹೋದ, ಶೇಷ ನನ್ನ ಕೊರಳಿಗೆ ಬಿತ್ತು.

ಆಯಿಗೆ ಆ ರೂಪಾಯಿಗಳೆಂದರೆ ದುಡ್ಡಲ್ಲ, ಸಂಸಾರ. ಅವಕ್ಕೆಲ್ಲ ಅವಳು ಹೆಸರಿಟ್ಟಿದ್ದಳು. ಕಿರೀಟ ಇಲ್ಲದವನು ಬೋಳರಾಜ. ಕಿರೀಟ ಇಟ್ಟವನು ಟೊಪಿಗಿ ರಾಜ. ಹೆಂಗಸು ಮಾತ್ರ ಬರೀ ರಾಣಿ. ರಾಣಿ ವಿಧವೆಯೆಂದು ಯಾರೋ ಹೇಳಿದ್ದರಂತೆ, ಅಂದಿನಿಂದ ಆಯಿಗೆ ಅವಳ ಮೇಲೆ ವಿಶೇಷ ಅಭಿಮಾನ. ಗಂಡ ಸತ್ತ ಮೇಲೂ ಕಿರೀಟ ತೆಗೆಯಲಿಲ್ಲ ನೋಡು, ಗಟ್ಟಿಗಿತ್ತಿ ಎನ್ನುತ್ತಿದ್ದಳು. ಆಯಿಯೂ ತನ್ನ ಗಂಡ, ನಮ್ಮ ಮುತ್ತ್ಯಾ, ಹೋದ ಮೇಲೆ ಭತ್ತದ ವ್ಯಾಪಾರದ ಕೀಲಿಕೈ ಸೊಂಟದಿಂದ ತೆಗೆದವಳಲ್ಲ.

ರಾಣಿಯರಲ್ಲಿ ಒಬ್ಬಳಿಗೆ ಆಯಿ ಬದುಕಿರುವ ತನಕ ಗಂಟಿನಲ್ಲಿ ಇರುವ ಭಾಗ್ಯ ಇರಲಿಲ್ಲ. ಅವಳು ಆಯಿಯ ಎಲೆಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿ, ತಂಬಾಕಿನ ಎಸಳು, ಬಂಗಾರ ತೂಗುವ ಗುಲಗಂಜಿ ಕಾಳುಗಳ ಜೊತೆ ಸಂಸಾರ ಮಾಡುತ್ತಿದ್ದಳು. ಯಾಕೆಂದರೆ ಅವಳು ತೂಕದ ರೂಪಾಯಿ. ಹಳೆಯ ಕಾಲದಲ್ಲಿ ಒಂದು ರೂಪಾಯಿ ಎಂದರೆ ಸರಿಯಾಗಿ ಒಂದು ತೊಲಿ, ಈಗಿನ ಹನ್ನೊಂದೂವರೆ ಗ್ರಾಮಿಗಿಂತ ಚೂರು ಹೆಚ್ಚು. ಅಂಗಡಿಯವನ ಕಲ್ಲು ಸುಳ್ಳು ಹೇಳಬಹುದು, ರಾಣಿ ಹೇಳುವುದಿಲ್ಲ ಎನ್ನುವುದು ಆಯಿಯ ನಂಬಿಕೆ. ಸರಕಾರ ಗ್ರಾಂ ತಂದ ಮೇಲೆ, ಪೇಟೆಯ ತೊಲಿಯೂ ಹತ್ತೇ ಗ್ರಾಂ ಆದ ಮೇಲೆ ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು. ತೊಲಿಯೊಳಗೂ ಕೈಹಾಕಿ ಕದಿಯುವ ಸರಕಾರ ಎಂದು ಅವಳು ಸಾಯುವತನಕ ಬೈದಳು.

ಜೋಯಿಡಾ ಕಡೆಯಿಂದ ಒಬ್ಬ ಹೆಂಗಸು ಔಷಧಿ ಬೇರು ಹೊತ್ತು ನಮ್ಮ ಓಣಿಗೆ ಬರುತ್ತಿದ್ದಳು. ಅವಳಿಗೆ ಕೊಂಕಣಿ ಬಿಟ್ಟು ಬೇರೆ ಬಾರದು, ಆಯಿಗೆ ಕೊಂಕಣಿ ಬಾರದು. ಇಬ್ಬರ ನಡುವೆ ತಕ್ಕಡಿ ಇಟ್ಟು ಆಯಿ ಒಂದು ಕಡೆ ರಾಣಿಯನ್ನು ಕೂರಿಸುತ್ತಿದ್ದಳು. ಆಮೇಲೆ ಅರ್ಧ ತಾಸು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಬ್ಬರನ್ನೊಬ್ಬರು ಕಳ್ಳಿ ಎನ್ನುತ್ತಿದ್ದರು. ವ್ಯಾಪಾರ ಮುಗಿದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುತ್ತಿದ್ದರು. ನಾನು ಮುಂದೆ ಬಿಎಡ್ಡಿನಲ್ಲಿ ಸಂವಹನ ಕೌಶಲ ಅಂತ ಒಂದು ಇಡೀ ಪತ್ರಿಕೆ ಓದಿದೆ. ಅದರಲ್ಲಿ ಇದರಷ್ಟು ಉಪಯೋಗದ್ದು ಏನೂ ಇರಲಿಲ್ಲ.

ದೀಪಾವಳಿಗೆ ಲಕ್ಷ್ಮೀಪೂಜೆಯ ಹಿಂದಿನ ದಿನ ಹನ್ನೊಂದೂ ರೂಪಾಯಿಗಳಿಗೆ ಅಭ್ಯಂಜನ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ಸಿಪ್ಪೆ. ತಿಕ್ಕುವುದು ನಮ್ಮಿಬ್ಬರ ಕೆಲಸ. ಶಾಂತಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳು ನಾಣ್ಯಗಳಿಗೆ ನೋವಾದೀತೇನೋ ಎನ್ನುವಂತೆ ಮೆಲ್ಲಗೆ ಸವರುತ್ತಿದ್ದಳು, ಆಯಿ ಹೊಗಳುತ್ತಿದ್ದಳು. ನಾನು ಮೊಣಕಾಲೂರಿ ತಿಕ್ಕುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಸುಣ್ಣ ತಂಬಾಕು ಹತ್ತಿ ಕಪ್ಪಗಾಗಿರುತ್ತಿದ್ದ ತೂಕದ ರಾಣಿ ಪ್ರತಿವರ್ಷ ನನ್ನ ಪಾಲಿಗೇ. ಅವಳ ಮೂಗು ಹೋದದ್ದು ಹಾಗೆ. ಇದು ಗೊತ್ತಿರಲಿ, ಮುಂದೆ ಬೇಕಾಗುತ್ತದೆ.

ಈಗ ನನ್ನ ತಕರಾರು ಹೇಳಿಬಿಡುತ್ತೇನೆ. ಇದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ನಿಮ್ಮೊಬ್ಬರಿಗೆ ಯಾಕೆ ಬಿಡಲಿ. ಆಯಿ ನನಗೆ ಯಾವತ್ತೂ ಒಂದು ಕೈ ಕಡಿಮೆ ಮಾಡಿದಳು. ಹಾಲಿನ ಕೆನೆ ಶಾಂತಕ್ಕನಿಗೆ. ಕಿಟಕಿಯ ಹತ್ತಿರದ ಹಾಸಿಗೆ ಶಾಂತಕ್ಕನಿಗೆ. ಶಾಂತಕ್ಕನ ತಲೆಗೆ ಎಣ್ಣೆ ಹಚ್ಚುವಾಗ ಹಾಡು ಗುನುಗುತ್ತಿದ್ದಳು, ನನ್ನ ತಲೆಗೆ ಹಚ್ಚುವಾಗ ನನ್ನ ತಲೆಯಲ್ಲಿರುವ ಹೇನುಗಳ ವಂಶಾವಳಿ ಹೇಳುತ್ತಿದ್ದಳು. ಹೆಣ್ಣುಮಗಳು ಅಂದರೆ ಹೀಗಿರಬೇಕು ಎಂದು ಶಾಂತಕ್ಕನನ್ನು ತೋರಿಸುವಾಗ ಅವಳ ಇನ್ನೊಂದು ಕಣ್ಣು ನನ್ನ ಮೇಲಿರುತ್ತಿತ್ತು.

ಶಾಂತಕ್ಕನನ್ನು ಮುಂಡಗೋಡಕ್ಕೆ ಕೊಟ್ಟರು, ನನ್ನನ್ನು ದಾಂಡೇಲಿಗೆ. ನಾನು ಪ್ರತಿ ಯುಗಾದಿಗೆ ಮುಂಡಗೋಡಕ್ಕೆ ಹೋಗಿ, ಅವಳು ಮಾಡಿದ ಹೋಳಿಗೆ ತಿಂದು, ಕೈ ತೊಳೆದುಕೊಂಡು, ಈ ತಕರಾರನ್ನು ಮೊದಲಿನಿಂದ ಕೊನೆಯತನಕ ಒಪ್ಪಿಸುತ್ತಿದ್ದೆ. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತ “ಹೂಂ, ಬಿಡು” ಎನ್ನುತ್ತಿದ್ದಳು. ವಾದ ಮಾಡುವವರನ್ನು ಸೋಲಿಸಬಹುದು. ಹೂಂ ಬಿಡು ಎನ್ನುವವರನ್ನು ಏನು ಮಾಡುತ್ತೀರಿ? ನನಗೆ ಬೇಕಾಗಿದ್ದದ್ದು ಇಷ್ಟೇ. ಹೌದು ಪಾರಿ, ಆಯಿ ನಿನಗೆ ಕಡಿಮೆ ಮಾಡಿದಳು ಎಂದು ಅಕ್ಕ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಈಗ ಹನ್ನೊಂದನೆಯ ರೂಪಾಯಿ ಎದುರಿಗೆ ಬಂದಾಗ ನನಗೆ ದಾರಿ ಕಂಡಿತು. ಅದು ನನಗೆ ಬರಬೇಕು, ಪ್ರೀತಿಗಲ್ಲ, ಪರಿಹಾರವಾಗಿ.

ಆದರೆ ಫೋನಿನ ಪ್ರಕಾರ ಅದು ಒಂದು ರೂಪಾಯಿಯ ಪ್ರಶ್ನೆಯಾಗಿರಲಿಲ್ಲ, ಲಕ್ಷದ್ದಾಗಿತ್ತು. ಯಜಮಾನರು ಆಗಲೇ ಆ ಲಕ್ಷಗಳನ್ನು ಖರ್ಚು ಮಾಡಲು ಶುರುಮಾಡಿದ್ದರು. ಕೋಗಿಲಬನದ ಹತ್ತಿರ ಹೊಳೆದಂಡೆಗೆ ನಾಲ್ಕು ಗುಂಟೆ ತೆಗೆದುಕೊಂಡು, ಮಂಗಟ್ಟೆ ಹಕ್ಕಿ ನೋಡಲು ಬರುವ ಪೇಟೆ ಜನರಿಗೆ ನಾಲ್ಕು ಕೋಣೆ ಕಟ್ಟಿಸುವುದಂತೆ. ಮೊಸಳೆ ಕಂಡರೆ ಬಾಡಿಗೆ ಹೆಚ್ಚು ಹಾಕಬಹುದಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಇವರು ಕೂಸಿಗೆ ಕನ್ಯೆಯನ್ನೂ ನೋಡಿ ಇಟ್ಟಿದ್ದರು.

ಊರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿರುವ ಅನ್ವರಭಾಯಿಗೆ ಹಳೆಯ ನಾಣ್ಯ ಕೂಡಿಸುವ ಹುಚ್ಚು. ಯಜಮಾನರಿಗೆ ಗೆಳೆಯ. ಕಿಮ್ಮತ್ತು ಕೇಳಲು ಅವರಲ್ಲಿಗೆ ಹೋಗುವುದೆಂದಾಯಿತು. ಹೋಗುವ ಮುಂಚಿನ ದಿನ ನಾನು ಏನು ಮಾಡಿದೆ ಎಂದು ನೀವು ಊಹಿಸಬಹುದು. ಬೀಗರಿಗೆ ತೋರಿಸುವ ಮುಂಚೆ ಹುಡುಗಿಗೆ ಪೌಡರು ಹಚ್ಚುವುದಿಲ್ಲವೇ? ಗಂಟಿನಲ್ಲಿ ಕೂತು ಕೂತು ರೂಪಾಯಿಗಳು ಕಪ್ಪಾಗಿದ್ದವು. ನಾನು ಹುಣಸೆಹಣ್ಣು ನೆನೆಸಿದೆ. ಬೂದಿ ಈಗ ಎಲ್ಲಿಂದ ಬರಬೇಕು, ಹಿತ್ತಾಳೆ ಬೆಳಗುವ ಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹನ್ನೊಂದನ್ನೂ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ಯಜಮಾನರು ಬಿಸಿಲಿಗೆ ಹಿಡಿದು ನೋಡಿ, ಇನ್ನೆರಡು ಕೋಣೆ ಹೆಚ್ಚಿಗೆ ಕಟ್ಟಿಸಬಹುದು ಎಂದರು.

ಅನ್ವರಭಾಯಿ ಗಲ್ಲಾಪೆಟ್ಟಿಗೆಯ ಮೇಲೆ ಮಖಮಲ್ಲಿನ ತುಂಡು ಹಾಸಿದರು. ಗ್ರೀಸು ಹತ್ತಿದ ಕೈ ತೊಳೆದು, ಒರೆಸಿ, ಬಿಳಿಯ ಕೈಗವಸು ತೊಟ್ಟರು. ಒಂದು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡರು. ನಾನು ಗಂಟು ಬಿಚ್ಚಿದೆ. ಅಂಗಡಿಯ ಟ್ಯೂಬುಲೈಟಿನ ಬೆಳಕಿಗೆ ಹನ್ನೊಂದು ರೂಪಾಯಿ ಫಳಫಳ ಎಂದವು. ಅನ್ವರಭಾಯಿ ಭೂತಗನ್ನಡಿ ಕೆಳಗಿಟ್ಟರು. ಯಾರೋ ಸತ್ತ ಸುದ್ದಿ ಬಂದವರ ಹಾಗೆ ನನ್ನ ಮುಖ ನೋಡಿದರು.

“ಭಾಭಿ, ಇವಕ್ಕ ಏನ್ ಹಚ್ಚಿ ತಿಕ್ಕೀರಿ?”

ಹೆಮ್ಮೆಯಿಂದಲೇ ಹೇಳಿದೆ. ಅವರು ಕೈಗವಸು ಕಳಚಿದರು.

“ಮನ್ಯಾಗ ಸ್ಯಾಂಡ್‌ಪೇಪರ್ ಇರಲಿಲ್ಲೇನ್ರಿ?”

ಆಮೇಲೆ ತಿಳಿಯಿತು. ನಾಣ್ಯ ಕೂಡಿಸುವವರಿಗೆ ಬೇಕಾಗಿರುವುದೇ ಆ ಕಪ್ಪು. ವರ್ಷಗಟ್ಟಲೆ ಗಾಳಿ ತಾಗಿ ತಾನಾಗಿ ಕಟ್ಟಿದ ಕಪ್ಪು ಇದ್ದರೆ ಮಾತ್ರ ಅದು ಹಳೆಯದು. ತಿಕ್ಕಿದ ನಾಣ್ಯಕ್ಕೆ ಅವರ ಲೋಕದಲ್ಲಿ ಮಾನ ಇಲ್ಲ. ನಮ್ಮವಂತೂ ಪ್ರತಿ ದೀಪಾವಳಿಗೆ ಮಾನ ಕಳೆದುಕೊಳ್ಳುತ್ತ ಬಂದಿದ್ದವು. ಬೋಳರಾಜನ ಕಿವಿ ಹೋಗಿತ್ತು, ಟೊಪಿಗಿ ರಾಜನ ಟೊಪ್ಪಿಗೆಯೇ ಹೋಗಿ ಅವನೂ ಬೋಳನಾಗಿದ್ದ, ತೂಕದ ರಾಣಿಯ ಇಸವಿ ಅಲ್ಲಿ ಒಂದು ಕಾಲದಲ್ಲಿ ಇತ್ತು ಎಂದು ನಂಬಬೇಕಿತ್ತು. ಲಕ್ಷ್ಮಿಯನ್ನು ಒಲಿಸಿಕೊಳ್ಳಲು ನಾವು ಲಕ್ಷ್ಮಿಯನ್ನೇ ತಿಕ್ಕಿ ಹಾಕಿದ್ದೆವು. ಅನ್ವರಭಾಯಿ ಚಹಾ ತರಿಸಿದರು. ಇವನ್ನು ಬೆಳ್ಳಿಯ ತೂಕಕ್ಕೆ ಕೊಡಿರಿ, ಬೇರೆ ದಾರಿ ಇಲ್ಲ ಎಂದರು. ಯಜಮಾನರು ದಾರಿಯಲ್ಲಿ ಮೊಸಳೆಯ ವಿಷಯ ಎತ್ತಲಿಲ್ಲ. ಕೊತ್ತಂಬರಿಯವಳ ಹತ್ತಿರ ಹೋಗಿ ಸಿವುಡಿಗೆ ಎರಡು ರೂಪಾಯಿ ಕಡಿಮೆ ಮಾಡಿಸಿದರು.

ಲಕ್ಷ ಹೋಯಿತು, ಶೇಷ ಉಳಿಯಿತು. ನಾನು ಮುಂಡಗೋಡಕ್ಕೆ ಫೋನು ಮಾಡಿದೆ. ಹನ್ನೊಂದನೆಯದು ನೀನೇ ಇಟ್ಟುಕೋ ಎಂದು ಅಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಹೀಗೆ ಬಿಟ್ಟುಕೊಟ್ಟೇ ಇವಳು ಜೀವನವಿಡೀ ಒಳ್ಳೆಯವಳಾದಳು. ನನಗೆ ನಿನ್ನ ದಾನ ಬೇಡ, ನ್ಯಾಯ ಬೇಕು, ಹಳಿಯಾಳಕ್ಕೆ ಬಾ, ತೂಕ ಹಾಕಿಸಿ ಸರಿಸಮ ಮಾಡೋಣ ಎಂದೆ. ಅಕ್ಕ ಹೂಂ ಬಿಡು ಎಂದಳು. ಎರಡು ಬಸ್ಸು ಬದಲಿಸಿ ಬಂದಳು ಕೂಡ.

ಹಳಿಯಾಳದಲ್ಲಿ ನಮ್ಮ ಮನೆತನಕ್ಕೆ ಬಂಗಾರ ಮಾಡಿಕೊಡುತ್ತಿದ್ದ ಪತ್ತಾರ ಈಗಿಲ್ಲ. ಅವನ ಮಗನೂ ಇಲ್ಲ. ಮೊಮ್ಮಗ ಅದೇ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿ ಮಾಡಿದ್ದಾನೆ. ಅವನ ತಕ್ಕಡಿಗೂ ಒಂದು ಗಾಜಿನ ಮನೆ ಇದೆ, ಉಸಿರು ಬಿಟ್ಟರೂ ಅದರ ಅಂಕಿ ನಡುಗುತ್ತದೆ. ಅವನು ಒಂದೊಂದೇ ರೂಪಾಯಿ ಇಟ್ಟು ತೂಕ ಹೇಳುತ್ತ ಹೋದ. ನಾನು ಅವನ ಬಿಲ್ಲಿನ ಹಿಂಬದಿಗೆ ಬರೆದುಕೊಳ್ಳುತ್ತ ಹೋದೆ. ಎಲ್ಲವೂ ಅಷ್ಟಿಷ್ಟು ಸವೆದಿದ್ದವು. ಹನ್ನೊಂದೂವರೆ ಗ್ರಾಮಿನ ಆಸುಪಾಸು ಬರುತ್ತಿದ್ದವು. ಕೊನೆಗೆ ಮೂಗಿಲ್ಲದ ರಾಣಿಯನ್ನು ಇಟ್ಟ. ಹನ್ನೊಂದು ಗ್ರಾಮೂ ತುಂಬಲಿಲ್ಲ.

ಇದು ಬಹಳ ಸವದೈತ್ರಿ ಎಂದು ಅವನು ಮುಂದಿನ ಕೆಲಸಕ್ಕೆ ತಿರುಗಿದ. ನನ್ನ ತಲೆಯಲ್ಲಿ ಮಾತ್ರ ಶಾಲೆಯ ಗಂಟೆ ಹೊಡೆಯಿತು.

ಆಯಿ ಹೆಣ್ಣುಮೊಮ್ಮಕ್ಕಳಿಗೆ ಮದುವೆಯಲ್ಲಿ ಒಂದು ತೊಲಿಯ ಬಂಗಾರದ ಸರ ಎಂದು ಮಾತು ಕೊಟ್ಟಿದ್ದಳು. ಕೊಟ್ಟಳು. ಎರಡೂ ಸಲ ಪತ್ತಾರನನ್ನು ಮನೆಗೇ ಕರೆಸಿ, ಅವನ ಗ್ರಾಂಗಳನ್ನು ಪಕ್ಕಕ್ಕೆ ಸರಿಸಿ, ಒಂದು ತಟ್ಟೆಯಲ್ಲಿ ರಾಣಿಯನ್ನು ಇಟ್ಟು ಅದಕ್ಕೆ ಸಮನಾಗಿ ಬಂಗಾರ ತೂಗಿಸಿದ್ದಳು. ಅಕ್ಕನ ಮದುವೆ ಮೊದಲಾಯಿತು. ನನ್ನದು ಎಂಟು ವರ್ಷದ ಮೇಲೆ. ನಡುವೆ ಎಂಟು ದೀಪಾವಳಿ. ಎಂದರೆ ಅಕ್ಕನ ಸರ ತೂಗಿದ ರಾಣಿ ಬೇರೆ, ನನ್ನ ಸರ ತೂಗಿದ ರಾಣಿ ಬೇರೆ. ನನ್ನ ತೊಲಿ ಸವೆದ ತೊಲಿ. ನಾನು ಇಷ್ಟು ವರ್ಷ ಸುಮ್ಮನೆ ಬಾಯಿಮಾತಿಗೆ ಹೇಳುತ್ತಿದ್ದದ್ದು ಇವತ್ತು ಲೆಕ್ಕದಲ್ಲಿ ಸಿದ್ಧವಾಗಿತ್ತು. ಆಯಿ ನನಗೆ ಕಡಿಮೆ ಮಾಡಿದ್ದಳು.

ಅಂಗಡಿಯಲ್ಲಿಯೇ, ಗಿರಾಕಿಗಳ ಎದುರಿಗೇ, ಪ್ರಮೇಯ ಬಿಡಿಸಿದ ಹಾಗೆ ಬಿಡಿಸಿ ಹೇಳಿದೆ. ಆದ್ದರಿಂದ ಹನ್ನೊಂದನೆಯ ರೂಪಾಯಿ ನನಗೆ ಬರಬೇಕು ಎಂದು ಮುಗಿಸಿದೆ. ಅಕ್ಕ ಕೇಳಿಸಿಕೊಂಡಳು.

“ಹಂಗಾದ್ರ ಆ ರಾಣೀನ ಪ್ರತಿ ದೀಪಾವಳಿಗೆ ತಿಕ್ಕಿ ಸವಿಸಿದೋರು ಯಾರು?” ಎಂದಳು.

ನಾನು ಇದನ್ನು ಯೋಚಿಸಿರಲಿಲ್ಲ. ನನ್ನ ಮದುವೆಯ ಬಂಗಾರವನ್ನು ನಾನೇ ಹುಣಸೆಹಣ್ಣು ಹಚ್ಚಿ ಸಣ್ಣಂದಿನಿಂದ ತಿಕ್ಕಿ ತೆಗೆದಿದ್ದೆ ಎಂದಾಯಿತು. ಪಕ್ಕದಲ್ಲಿ ಕಾಲುಂಗುರ ನೋಡುತ್ತಿದ್ದ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ಆದರೆ ನಾನು ಬಿಡುವವಳಲ್ಲ. ತಿಕ್ಕಿದವರು ಯಾರೇ ಆಗಲಿ, ಕಡಿಮೆ ಬಿದ್ದದ್ದು ನನಗೇ ತಾನೆ? ಸರ ತೆಗೆ, ತೂಗಿಸೋಣ ಎಂದೆ.

ತಮ್ಮನ ಮನೆಯಲ್ಲಿ ಊಟವಿತ್ತು, ಹಾಗಾಗಿ ನಾನು ಸರ ಹಾಕಿಕೊಂಡು ಬಂದಿದ್ದೆ. ಅಕ್ಕನ ಸರ ಅವಳ ಕೊರಳಲ್ಲೇ ಇರುತ್ತದೆ. ಅವಳು ಅದನ್ನು ತೆಗೆದದ್ದು ನಾನು ನೋಡಿಲ್ಲ. ಅವಳ ಕೈಗೆ ಕೊಂಡಿ ಸಿಗಲಿಲ್ಲ, ನಾನೇ ಹಿಂದೆ ನಿಂತು ಬಿಚ್ಚಿದೆ. ಅವಳ ಕುತ್ತಿಗೆಯ ಮೇಲೆ ಸರದ ಗೆರೆ ಬಿದ್ದಿತ್ತು. ಹುಡುಗ ಅದನ್ನು ಗಾಜಿನ ಮನೆಯೊಳಗಿಟ್ಟ. ಹನ್ನೊಂದರ ಮೇಲೆ ಸ್ವಲ್ಪ ಬಂತು. ನಾನು ಬರೆದುಕೊಂಡೆ. ಆಮೇಲೆ ನನ್ನದು ಇಟ್ಟ.

ಅಕ್ಕನದಕ್ಕಿಂತ ಮುಕ್ಕಾಲು ಗ್ರಾಂ ಹೆಚ್ಚು.

ತಕ್ಕಡಿ ಕೆಟ್ಟಿದೆ ಎಂದೆ. ಹುಡುಗನಿಗೆ ಅವಮಾನವಾಯಿತು. ತೆಗೆದು ಮತ್ತೆ ಇಟ್ಟ. ತಕ್ಕಡಿ ಹಟ ಬಿಡಲಿಲ್ಲ. ದಿನಾ ಹಾಕಿಕೊಂಡರೆ ಬಂಗಾರವೂ ಸವೆಯುತ್ತದೆ ಎಂದು ಅವನು ಸಮಾಧಾನ ಹೇಳಿದ. ಅಕ್ಕನದು ಸವೆದಿದೆ, ಸರಿ. ಅಷ್ಟಾದರೂ ನನ್ನದು ರಾಣಿಯಷ್ಟೇ ಇರಬೇಕಿತ್ತಲ್ಲ. ರಾಣಿಗಿಂತ ಒಂದು ಗ್ರಾಂ ಹೆಚ್ಚು ಎಲ್ಲಿಂದ ಬಂತು? ಬಿಲ್ಲಿನ ಹಿಂದೆ ಮೂರು ಸಲ ಕೂಡಿಸಿ ಕಳೆದೆ. ತಾಳೆ ಆಗಲಿಲ್ಲ. ಉತ್ತರ ತಪ್ಪಿದಾಗ ಮಕ್ಕಳು ನನ್ನ ಮುಖ ನೋಡುತ್ತಿದ್ದ ಹಾಗೆ ನಾನು ಅಕ್ಕನ ಮುಖ ನೋಡಿದೆ.

ಅಕ್ಕ ನಗುತ್ತಿದ್ದಳು. ಸ್ಟೂಲಿನ ಮೇಲೆ ಕೂತಳು, ನನ್ನನ್ನೂ ಕೂರಿಸಿದಳು.

“ನಿನ್ನ ಸರ ತೂಗೂ ಮುಂದ ನಾ ಅಲ್ಲೇ ಇದ್ದೆ. ನೀ ಒಳಗ ಅರಿಷಿಣಕ್ಕ ಕುಂತಿದ್ದಿ. ಆಯಿ ರಾಣೀನ ಇಟ್ಲು. ಆಮ್ಯಾಲ ಸಂಚಿಗೆ ಕೈ ಹಾಕಿ ಒಂದ್ ಚಿಟಿಕಿ ಗುಲಗಂಜಿ ತಗದು ಅದರ ಮ್ಯಾಲ ಸುರದ್ಲು. ಎಣಿಸಲೂ ಇಲ್ಲ. ಪತ್ತಾರ ಗಾಬರಿ ಆಗಿ, ಇದೇನಬೇ ಅಂದ. ರೂಪಾಯಿ ಸವದೈತಿ ಅಂದ್ಲು. ಸವದಿದ್ದು ಇಷ್ಟಲ್ಲಬೇ ಅಂತ ಅಂವ. ಅದಕ್ಕ ಏನಂದ್ಲು ಗೊತ್ತೇನು? ಇಕಿ ಮದ್ಲ ಜಗಳಗಂಟಿ, ಗುಲಗಂಜಿಯಷ್ಟು ಕಡಿಮಿ ಬಿದ್ರೂ ನನ್ನ ಸಮಾಧಿ ತನಕ ಬಂದು ಕೇಳತಾಳ, ಹೆಚ್ಚಿಗಿ ಹೋದ್ರ ಹೋಗ್ಲಿ ತೂಗು ಅಂದ್ಲು.”

ನನಗೆ ಅಳು ಬಂತು. ನಾಲ್ಕು ಜನರ ಎದುರಿಗೆ ಬಂತು ಎನ್ನುವ ಸಿಟ್ಟಿಗೆ ಇನ್ನಷ್ಟು ಬಂತು. ಆ ಮುದುಕಿಗೆ ಕಣ್ಣು ಮಂಜಾಗಿತ್ತು, ಆದರೂ ನನ್ನ ಬಾಯಿಯ ಭಯಕ್ಕೆ ಅವಳು ತನ್ನ ರಾಣಿಯನ್ನೇ ಸುಳ್ಳು ಮಾಡಿದ್ದಳು. ನಾನು ಅಷ್ಟೂ ವರ್ಷ ಕೆನೆಯ ಲೆಕ್ಕ ಹೇಳುತ್ತ ತಿರುಗಿದ್ದೆ. ಹೆಚ್ಚಿನ ಬಂಗಾರ ನನ್ನ ಕಪಾಟಿನಲ್ಲಿ ಹತ್ತಿಯಲ್ಲಿ ಸುತ್ತಿ ಕೂತಿತ್ತು.

ಸೆರಗಿನಿಂದ ಮೂಗು ಒರೆಸಿಕೊಂಡ ಮೇಲೆ ಇನ್ನೊಂದು ಮಾತು ಹೊಳೆಯಿತು. ಇದು ಅಕ್ಕನಿಗೆ ಮೊದಲಿನಿಂದ ಗೊತ್ತಿತ್ತು. ಪ್ರತಿ ಯುಗಾದಿಗೆ ಅವಳ ಪಡಸಾಲೆಯಲ್ಲಿ ಕೂತು ನಾನು ಆಯಿ ನನಗೆ ಕಡಿಮೆ ಮಾಡಿದಳು ಎನ್ನುವಾಗ, ಕಡಿಮೆ ಯಾರಿಗಾಗಿದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ.

“ಗೊತ್ತಿದ್ದೂ ಯಾಕ ಹೇಳಲಿಲ್ಲ?” ಎಂದೆ.

ಅಕ್ಕ ತನ್ನ ಸರವನ್ನು ನನ್ನ ಕೈಗೆ ಕೊಟ್ಟು, ಕೊಂಡಿ ಹಾಕಲು ಬೆನ್ನು ತಿರುಗಿಸಿ ಕೂತಳು. ಅವಳ ಮುಖ ನನಗೆ ಕಾಣಲಿಲ್ಲ.

“ಜಗಳಾಡಾಕಾರ ನೀ ವರ್ಷಕ್ಕೊಮ್ಮೆ ಮುಂಡಗೋಡಕ ಬರ್ತಿದ್ದಿ,” ಎಂದಳು. “ಹೇಳಿದ್ರ ಸಮಾಧಾನ ಆಗಿ ದಾಂಡೇಲ್ಯಾಗ ಕುಂತಬಿಡ್ತಿದ್ದಿ.”

ಕೊಂಡಿ ಹಾಕಲು ನನಗೆ ಬಹಳ ಹೊತ್ತು ಹಿಡಿಯಿತು. ಹಾಕಿದ ಮೇಲೆ ಐದು ರೂಪಾಯಿ ನನ್ನ ಕಡೆಗೆ ಎಳೆದುಕೊಂಡೆ, ಐದು ಅವಳ ಕಡೆಗೆ ಸರಿಸಿದೆ. ಉಳಿದ ರಾಣಿಯನ್ನು ಅವಳ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದೆ. ಅವಳು ಬೇಡ ಎನ್ನಲು ಬಾಯಿ ತೆರೆದಳು. ನಾನು ಮಾತಾಡಲು ಬಿಡಲಿಲ್ಲ.

“ಹನ್ನೊಂದನೇದು ಕಡೀಗೂ ನೀನ ಹೊಡಕೊಂಡಿ,” ಎಂದೆ, ಪತ್ತಾರನ ಹುಡುಗನಿಗೂ ಕೇಳಿಸುವ ಹಾಗೆ. “ಇದು ಅನ್ಯಾಯ. ಯುಗಾದಿಗೆ ಬರ್ತೇನಿ, ಕೇಳಾಕ.”